ಕೆಂಪು ಮುಂಗೈಯ ಬೀಗರು

ಕೆಳಹಟ್ಟಿ, ಮೂರನೇ ಮಟ್ಟ
ಅರವತ್ತೊಂದನೇ ಸಂವತ್ಸರ, ನಡು ಆಷಾಢ, ಮೂವತ್ತನಾಲ್ಕನೇ ತಾರೀಕು

ಇಲಿಯ ಮಿದುಳಿಗೆ, ಮೀನಿನ ಮೈಗೆ, ಎಲೆಯ ನರಕ್ಕೆ ಕೂದಲಿಗಿಂತ ತೆಳುವಾದ ಸೂಜಿ ಇಳಿಸಿ, ಅದರ ತುದಿಯಲ್ಲಿ ಎಷ್ಟು ವಿದ್ಯುತ್ತು ಹರಿಯಿತು ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತ ಕೂತಿರುವ ಹಿರಿಯರಿಗೆ, ಕೆಳಹಟ್ಟಿಯ ಯಂಕೋಬನ ಶರಣು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಿಮ್ಮಲ್ಲಿ ಸಂವತ್ಸರಗಳು ಅರವತ್ತೇ ಎಂದು ಬಲ್ಲೆ. ಕೊನೆಯದು ಕ್ಷಯವೋ ಅಕ್ಷಯವೋ ಎಂದು ನಿಮ್ಮ ಪಂಚಾಂಗದವರಿಗೇ ಒಮ್ಮತವಿರಲಿಲ್ಲವಂತೆ. ನಮ್ಮ ಕಾಲಕ್ಕೆ ಎರಡೂ ನಿಜವಾದವು. ಮಿಕ್ಕದ್ದೆಲ್ಲ ಕ್ಷಯವಾಯಿತು, ನಾವು ಹೇಗೋ ಉಳಿದೆವು. ಉಳಿದವರಿಗೂ ಒಂದು ವರ್ಷ ಬೇಕಲ್ಲ, ಅದಕ್ಕೆ ಅರವತ್ತೊಂದು. ನನ್ನ ಮಾತಿನ ವಿಚಿತ್ರಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಔಷಧದ ಡಬ್ಬಿ, ಮದುವೆಯ ಆಮಂತ್ರಣ ಮತ್ತು ಚುನಾವಣೆಯ ಭಾಷಣ ಓದಿ ಕಲಿತೆ. ಹೀಗಾಗಿ ಒಂದು ಸಾಲು ಎಚ್ಚರಿಕೆಯಂತೆ, ಒಂದು ಸಾಲು ಕರೆಯೋಲೆಯಂತೆ, ಒಂದು ಸಾಲು ಆಶ್ವಾಸನೆಯಂತೆ ಕೇಳಿಸಬಹುದು. ಕಾಗದ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ವಿಳಾಸದಾರರು ಸಿಗದಿದ್ದರೆ ಟಪಾಲು ಹಿಂದಕ್ಕೆ ಬರುವುದು ನಿಮ್ಮಲ್ಲೂ ಇತ್ತಲ್ಲ.

ಈ ಕಾಗದದಲ್ಲಿ ನಗು ಸ್ವಲ್ಪ, ರಕ್ತ ಬಹಳ. ನನಗೊಬ್ಬಳೇ ಮಗಳು, ದ್ಯಾಮವ್ವ. ನೀವು ಇಲಿಗೆ ಚುಚ್ಚಿದ ಸೂಜಿ ಬೆಳೆದು ಬೆಳೆದು ಅವಳ ಮುಂಗೈಗೆ ಬಂದು, ಅವಳು ಸಾಯಬೇಕೋ ಬದುಕಬೇಕೋ ಎಂದು ಹೇಳುವಷ್ಟು ದೊಡ್ಡದಾಯಿತು. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಊರು. ಕೆಳಹಟ್ಟಿ ಎಂದರೆ ರಾಯಚೂರು ಸೀಮೆಯ ಒಂದು ಹಳೆಯ ಚಿನ್ನದ ಗಣಿ. ಬಿಸಿಲು ಚರ್ಮ ಸುಲಿಯತೊಡಗಿದ ಕಾಲಕ್ಕೆ ನಮ್ಮ ಹಿಂದಿನವರು ಅದರೊಳಗೆ ಇಳಿದು ಮನೆ ಮಾಡಿದರು. ನಾನು ಮೂರನೇ ಮಟ್ಟದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ತರ. ಮೂರನೇ ಮಟ್ಟ ಎಂಬುದು ಗುಣದ ಮಾತಲ್ಲ, ಆಳದ ಮಾತು. ಆದರೂ ಏಳನೇ ಮಟ್ಟದ ಕಾಲೇಜಿನವರು ತಮ್ಮದು ಆಳವಾದ ವಿದ್ಯೆ ಎಂದು ಬೀಗುತ್ತಾರೆ. ನಾವು ತಿನ್ನುವುದು ನೆರಳುರೊಟ್ಟಿ, ಎಂದರೆ ಕತ್ತಲಲ್ಲಿ ಬೆಳೆದ ಅಣಬೆಯನ್ನು ಒಣಗಿಸಿ ಬೀಸಿದ ಹಿಟ್ಟಿನದು. ಹಸಿ ಹಣ್ಣು ನಮಗೆ ಚಿತ್ರದಲ್ಲಿ ಮಾತ್ರ ಗೊತ್ತು. ಮುಂಜಾನೆ ಎದ್ದ ಕೂಡಲೇ ಗಾಳಿಪಾಳಿ ಮಾಡುತ್ತೇವೆ, ಮನೆಗೊಬ್ಬರು ಹೋಗಿ ದೊಡ್ಡ ತಿದಿ ತುಳಿದು ಕೆಳಗಿನ ಮಟ್ಟಗಳಿಗೆ ಉಸಿರು ಕಳಿಸುವುದು. ತಪ್ಪಿಸಿಕೊಂಡವರನ್ನು ಗಾಳಿಗೇಡಿ ಎಂದು ಬೈಯುತ್ತೇವೆ. ನಮ್ಮ ತಲೆಯ ಮೇಲೆ, ಗಣಿಬಾಯಿಯ ಸುತ್ತ, ದಪ್ಪ ಕಲ್ಲುಗೋಡೆಗಳ ಮರೆಯಲ್ಲಿ ಮೇಲ್ಹಟ್ಟಿಯವರಿದ್ದಾರೆ. ಅವರ ಹತ್ತಿರ ಜೋಳವಿದೆ, ಬಿಸಿಲಿಗೆ ಬಗ್ಗದ ನೆಲ್ಲಿಮರಗಳಿವೆ. ನಮ್ಮ ಹತ್ತಿರ ಚಿನ್ನವಿದೆ, ಚಿನ್ನದಿಂದ ಮಾಡಿದ ಮುಳ್ಳುಗಳಿವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅವರು ನಮ್ಮ ಗಾಳಿಗಂಡಿಗಳಿಗೆ ಬಂಡೆ ಉರುಳಿಸಿ ಒಂದಿಡೀ ಮಟ್ಟವನ್ನು ಉಸಿರುಗಟ್ಟಿಸಿದರು. ನಾವು ಅವರ ಬಾವಿಗೆ ಗಣಿಯ ವಿಷನೀರು ಬಿಟ್ಟು ಲೆಕ್ಕ ಚುಕ್ತಾ ಮಾಡಿದೆವು. ಅಲ್ಲಿಂದ ಮುಂದೆ ಎರಡೂ ಹಟ್ಟಿಯವರು ಒಬ್ಬರನ್ನೊಬ್ಬರು ಕಡಿದ ಕತೆ ಹೇಳಿದರೆ ಕಾಗದ ಸಾಲದು.

ಇನ್ನು ಮುಳ್ಳು. ನೀವು ಆಮ್ಲಜನಕ ಎನ್ನುತ್ತೀರಿ, ಪ್ರಾಣವಾಯು ಎಂದು ಕೈಮುಗಿಯುತ್ತೀರಿ. ಒಳಗೆ ಹೋದ ಪ್ರಾಣವಾಯುವೆಲ್ಲ ಸುಮ್ಮನೆ ಕೆಲಸ ಮಾಡಿಕೊಂಡು ಇರುವುದಿಲ್ಲ. ಸ್ವಲ್ಪ ಪಾಲು ಕೆರಳಿ ಪುಂಡಾಗುತ್ತದೆ. ನಾವು ಅದಕ್ಕೆ ಪುಂಡವಾಯು ಎನ್ನುತ್ತೇವೆ. ಅದರ ಸ್ವಭಾವ ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವನದು. ತನ್ನದೊಂದು ಎಲೆಕ್ಟ್ರಾನ್ ಕಾಣೆಯಾಗಿದ್ದಕ್ಕೆ ಎದುರಿಗೆ ಸಿಕ್ಕವರದನ್ನು ಮೆಟ್ಟಿಕೊಂಡು ಹೋಗುತ್ತದೆ, ಕಳಕೊಂಡವರು ಮತ್ತೊಬ್ಬರದನ್ನು ಮೆಟ್ಟುತ್ತಾರೆ, ಕೊನೆಗೆ ಇಡೀ ಚಪ್ಪರವೇ ಬರಿಗಾಲು. ಮುಂಗೈ ಚರ್ಮದೊಳಗೆ ಕೂರಿಸಿದ ಚಿನ್ನದ ಮುಳ್ಳು ಈ ಪುಂಡರ ಲೆಕ್ಕ ಇಡುತ್ತದೆ. ಪುಂಡವಾಯು ನೀರಿನ ಜೊತೆ ಸೇರಿ ಪೆರಾಕ್ಸೈಡ್ ಆಗಿ ಮುಳ್ಳಿನ ತುದಿಗೆ ಬರುತ್ತದೆ, ಅಲ್ಲಿ ಎಲೆಕ್ಟ್ರಾನು ಒಪ್ಪಿಸುತ್ತದೆ, ಕರೆಂಟು ಹರಿಯುತ್ತದೆ, ಚರ್ಮದ ಮೇಲಿನ ಕಡಲೆಕಾಳಿನಷ್ಟು ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ತುದಿಗೊಂದು ತೆಳುವಾದ ಪೊರೆ ಇರುತ್ತದೆ. ಪೆರಾಕ್ಸೈಡನ್ನು ಒಳಗೆ ಬಿಟ್ಟು, ಅದರಂತೆಯೇ ವೇಷ ಹಾಕಿ ಬರುವ ಬೇರೆಯವರನ್ನು ಹೊರಗೇ ನಿಲ್ಲಿಸುವ ಬಾಗಿಲುಕಾಯುವವನು ಅದು.

ಮೊದಲಿಗೆ ಇದು ವೈದ್ಯರ ಮುಳ್ಳಾಗಿತ್ತು. ದೀಪ ಕೆಂಪಾದರೆ ದೂಳು ಜಾಸ್ತಿಯಾಗಿದೆ, ಮೈ ಒಳಗೊಳಗೇ ಸುಡುತ್ತಿದೆ, ಕೆಲಸ ಬಿಟ್ಟು ಮಲಗು ಎಂದು ಅರ್ಥ. ಆಮೇಲೆ ಯಾರೋ ಹಿರಿಯರು ಕಂಡುಕೊಂಡರು, ಕಡುಸಿಟ್ಟು ಬಂದವನ ಮೈಯಲ್ಲೂ ಪುಂಡವಾಯು ಏರುತ್ತದೆ. ಇದು ಸುಳ್ಳಲ್ಲ. ಏಣಿ ಹತ್ತಿದರೂ ಏರುತ್ತದೆ, ಜ್ವರ ಬಂದರೂ ಏರುತ್ತದೆ, ಹೆರಿಗೆ ನೋವಿಗೂ ಏರುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಕಡಿದಾಡಿ ದಣಿದ ಎರಡು ಹಟ್ಟಿಗಳಿಗೆ ಮೊದಲಿನ ಅರ್ಧವೇ ಸಾಕಾಯಿತು. ಎದುರಿಗಿದ್ದವನ ಸಿಟ್ಟು ಹೊಡೆತಕ್ಕಿಂತ ಮುಂಚೆ ಕಂಡರೆ ಜಗಳವೇ ಇರುವುದಿಲ್ಲ ಎಂದು ಎಲ್ಲರೂ ದೀಪ ಕಾಣುವಂತೆ ತೋಳು ಮಡಿಚಿ ಓಡಾಡತೊಡಗಿದರು. ಅದರ ಹಿಂದೆಯೇ ಮುಂಗೈ ಕಾನೂನು ಬಂತು. ಕೂತು, ಉಸಿರು ಸಮ ಮಾಡಿಕೊಂಡ ಮೇಲೂ ಒಬ್ಬನ ಮುಂಗೈ ಕೆಂಪಿದ್ದು, ಅವನು ಕೈಗೆಟಕುವಷ್ಟು ಹತ್ತಿರವಿದ್ದರೆ, ಅವನು ಹೊಡೆಯಲು ಬಂದಿದ್ದಾನೆಂದೇ ಲೆಕ್ಕ. ಅವನಿಗಿಂತ ಮೊದಲು ನೀನು ಹೊಡೆಯಬಹುದು, ಕೊಂದರೂ ಕೇಳುವವರಿಲ್ಲ. ಜ್ವರದವರು ಮನೆಬಿಟ್ಟು ಹೊರಗೆ ಬರಕೂಡದು, ಬಂದರೆ ಅವರವರ ಹಣೆಬರಹ. ಕೊಲೆ ಕಮ್ಮಿಯಾದದ್ದೇನೋ ನಿಜ. ಕೊಲೆಯೆಂದು ಬರೆದುಕೊಳ್ಳುವುದನ್ನು ನಿಲ್ಲಿಸಿದರೆ ಯಾವ ಊರಲ್ಲೂ ಕಮ್ಮಿಯಾಗುತ್ತದೆ.

ದ್ಯಾಮವ್ವನ ಮದುವೆ ಮೇಲ್ಹಟ್ಟಿಯ ಹುಸೇನಪ್ಪನ ಜೊತೆ ಗೊತ್ತಾದಾಗ ಎರಡೂ ಕಡೆಯವರು ಕುಣಿದರು. ಹಟ್ಟಿಗಳ ನಡುವೆ ಅದೇ ಮೊದಲ ನೆಂಟಸ್ತಿಕೆ. ಕೆಳಹಟ್ಟಿಯಲ್ಲಿ ಮದುವೆಗೆ ಮುಂಚೆ ಪೊರೆ ಕಳಚುವ ಶಾಸ್ತ್ರ ಎಂದೊಂದಿದೆ. ಎರಡೂ ಕಡೆಯ ಬೀಗರೆಲ್ಲ ಎದುರುಬದುರು ಕೂತು, ಮುಳ್ಳು ಹೊರಗೆಳೆದು, ಪೊರೆ ಕೆರೆದು ತೆಗೆದು, ಮತ್ತೆ ಚುಚ್ಚಿಕೊಳ್ಳುತ್ತಾರೆ. ನಮ್ಮ ನಿಮ್ಮ ನಡುವೆ ಮರೆಯೇನೂ ಇಲ್ಲ ಎಂದು ಅದರ ಅರ್ಥ. ತಲೆತಲಾಂತರದಿಂದ ಮಾಡಿದ್ದೇವೆ, ಏನೂ ಆಗಿರಲಿಲ್ಲ. ಹುಡುಗನ ತಂದೆ ಅಮರೆಪ್ಪ ನಮ್ಮ ಶಾಸ್ತ್ರಕ್ಕೆ ಮರ್ಯಾದೆ ಕೊಟ್ಟು ತಮ್ಮ ಕಡೆಯವರದೆಲ್ಲ ಕೆರೆಸಿದ. ಮರ್ಯಾದೆಗೆ ಮರ್ಯಾದೆ ಎಂದು ಅವನ ಹೆಂಡತಿ ಲಚಮವ್ವ ನಮಗೆ ನೆಲ್ಲಿಕಾಯಿಯ ಊಟ ಮಾಡಿದಳು. ನೆಲ್ಲಿ ಚಿತ್ರಾನ್ನ, ನೆಲ್ಲಿ ಚಟ್ನಿ, ಉಪ್ಪಲ್ಲಿಟ್ಟ ನೆಲ್ಲಿ, ಕೊಳಗ ಕೊಳಗ ನೆಲ್ಲಿ ಪಾನಕ. ಹುಟ್ಟಿದಾಗಿನಿಂದ ಅಣಬೆ ತಿಂದ ನಾಲಿಗೆಗೆ ಅದು ಎಂಥ ಸುಖ ಎಂದು ನಿಮಗೆ ಹೇಗೆ ಹೇಳಲಿ. ಒಗರು, ಹುಳಿ, ಮೇಲೆ ನೀರು ಕುಡಿದರೆ ಸಿಹಿ. ನಾನೇ ಆರೇಳು ಲೋಟ ಇಳಿಸಿದೆ. ನನ್ನಣ್ಣ ಪರಸಪ್ಪ, ಊರಿಗೆಲ್ಲ ಕಾನೂನು ಹೇಳುವ ಗಂಭೀರ ಮನುಷ್ಯ, ಲೋಟ ಬಿಟ್ಟು ತಂಬಿಗೆಗೆ ಬಾಯಿಟ್ಟ.

ಪಾನಕ ರಕ್ತಕ್ಕಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಗಣಿಬಾಯಿಯ ಚಪ್ಪರದ ಕೆಳಗೆ, ಪಂಕ್ತಿಯಲ್ಲಿ ಕೂತವರ ಮುಂಗೈಗಳು ಒಂದೊಂದಾಗಿ ಹಳದಿಯಾದವು, ಆಮೇಲೆ ಕೆಂಪಾದವು. ಮೊದಲು ನಗೆಯೇ ಎದ್ದಿತು. ಮೇಲ್ಹಟ್ಟಿಯ ಕಡೆಯಿಂದ ಯಾರೋ, "ಏನ್ ಬೀಗರ, ಚಟ್ನಿ ಖಾರ ಆತೇನು, ಕೈಯೆಲ್ಲ ಕೆಂಪಾಗ್ಯಾವ," ಅಂದರು. ನಮ್ಮವರೊಬ್ಬರು, "ನಿಮ್ಮವೇನ್ ಹಸ್ರ ಅದಾವೇನ್ರಿ," ಅಂದರು. ಎಲ್ಲರೂ ಕೈ ನೋಡಿಕೊಂಡರು. ಆಮೇಲೆ ಎಲ್ಲರೂ ಎದುರಿನವರ ಕೈ ನೋಡಿದರು. ನಗೆ ಅಲ್ಲಿಗೆ ನಿಂತಿತು.

ಅಮರೆಪ್ಪ ನಮಗೆ ಇನ್ನಷ್ಟು ನೆಲ್ಲಿಕಾಯಿ ಹೆಚ್ಚಿಕೊಡಲು ಚೂರಿ ಹಿಡಿದು ಪರಸಪ್ಪನ ಎಲೆಯ ಮುಂದೆ ಬಗ್ಗಿದ್ದ. ಮುಂಗೈ ಕೆಂಪು, ಕೈಯಲ್ಲಿ ಚೂರಿ, ಕೂಗಳತೆಯೂ ಅಲ್ಲ, ಗೇಣಳತೆ. ಪರಸಪ್ಪ ಪಕ್ಕದಲ್ಲಿದ್ದ ಹಾರೆ ಎತ್ತಿ ಅವನ ಮೋರೆಗೆ ಹಾಕಿದ. ಹಲ್ಲು ಪಾನಕದ ಕೊಳಗದಲ್ಲಿ ಬಿದ್ದ ಸಪ್ಪಳ ನನಗೆ ಕೇಳಿಸಿತು. ಎರಡನೇ ಏಟಿಗೆ ತಲೆ ಒಡೆಯಿತು. ಮೂರನೆಯದು ಮುಂಗೈಗೆ ಬಿತ್ತು, ಮುಳ್ಳು ದೀಪದ ಸಮೇತ ಕಿತ್ತು ಹಾರಿತು. ಆಮೇಲೆ ಯಾರು ಯಾರಿಗೆ ಹೊಡೆದರು ಎಂದು ಕೇಳಬೇಡಿ. ಎಲ್ಲರ ಕೈಯೂ ಕೆಂಪು, ಎಲ್ಲರಿಗೂ ಕಾನೂನಿನ ಒಪ್ಪಿಗೆ. ಬಡಿಸುತ್ತಿದ್ದವರು ಸೌಟಿನಿಂದ ಕಣ್ಣು ತಿವಿದರು. ರೊಟ್ಟಿ ಬಡಿಯುವ ಹೆಂಗಸರು ಕಾದ ಹಂಚನ್ನು ಎದುರಿನವರ ಎದೆಗೆ ಒತ್ತಿದರು. ಓಲಗದವನ ಗಂಟಲಿಗೆ ಅವನ ವಾದ್ಯವನ್ನೇ ತುರುಕಿದ್ದರು. ಒಬ್ಬ ಮುದುಕ ತನ್ನ ಕರುಳನ್ನು ಪಂಚೆಯಲ್ಲಿ ಕಟ್ಟಿಕೊಂಡು, ಎಲೆಯ ಮುಂದೆ ಮತ್ತೆ ಬಂದು ಕೂತು ಸತ್ತ. ನಾನು ಹೊಡೆದಾಡಲಿಲ್ಲ. ಅದು ಧರ್ಮವಲ್ಲ, ಮಂಡಿನೋವು. ದ್ಯಾಮವ್ವನನ್ನು ಎಳೆದುಕೊಂಡು ಬಂಡಿಯ ಕೆಳಗೆ ಸೇರುವಷ್ಟರಲ್ಲಿ ಯಾರದೋ ಕುಡುಗೋಲು ಅವಳ ತೊಡೆಯನ್ನು ಮೂಳೆ ಕಾಣುವಂತೆ ಸೀಳಿತ್ತು. ಹುಸೇನಪ್ಪ ಅವಳಿಗೆ ಅಡ್ಡ ನಿಂತು ದವಡೆ ಮುರಿಸಿಕೊಂಡ. ಮದುವೆಯಲ್ಲಿ ವರ ಬಾಯಿ ಬಿಡಬಾರದು ಎಂದು ಹಿರಿಯರು ಹೇಳುತ್ತಿದ್ದದ್ದು ಹೀಗೆ ನಡೆಯಿತು. ನಲವತ್ತಕ್ಕೂ ಹೆಚ್ಚು ಹೆಣ ಬಿದ್ದವು. ಕೊನೆಗೆ ಹೊಡೆಯುವವರ ತೋಳು ಸೋತವು, ಜಗಳ ಮುಗಿದದ್ದು ಅಷ್ಟಕ್ಕೇ.

ಲಚಮವ್ವ ಗಂಡನ ಹೆಣದ ಪಕ್ಕ ಕೂತಿದ್ದಳು. ಮಣ್ಣು ಮಾಡುವಾಗ ಮೈಯ ಒಂದು ಚೂರೂ ಬಿಡಬಾರದೆಂದು ಅವನ ಹಲ್ಲುಗಳಿಗಾಗಿ ಕೊಳಗದಲ್ಲಿ ಕೈಯಾಡಿಸುತ್ತಿದ್ದಳು. ಅವನ ಮುಳ್ಳೂ ಅಲ್ಲೇ ಬಿದ್ದಿತ್ತು, ಪಾನಕದ ತಳದಲ್ಲಿ ಕೆಂಡದಂತೆ ಉರಿಯುತ್ತಿತ್ತು. ಅವಳು ಎತ್ತಿ ಸೆರಗಿಗೆ ಒರೆಸಿದಳು. ದೀಪ ಹಸಿರಾಯಿತು. ಕೈಜಾರಿ ಮತ್ತೆ ಕೊಳಗಕ್ಕೆ ಬಿತ್ತು. ಕೆಂಪಾಯಿತು. ಅವಳು ನನ್ನ ಕಡೆ ನೋಡಿ, "ಮಾಸ್ತರ, ಪಾನಕಕ್ಕ ಯಾರ ಮ್ಯಾಲೆ ಸಿಟ್ಟು," ಎಂದು ಕೇಳಿದಳು.

ಅದು ನನ್ನ ಪಾಠದೊಳಗಿನದೇ ವಿಷಯ. ನೆಲ್ಲಿಕಾಯಿಯ ತುಂಬ ನೀವು ವಿಟಮಿನ್ ಸಿ ಎನ್ನುವ ಸತ್ವವಿದೆ. ಅದು ಪುಂಡವಾಯುವಿಗೆ ತನ್ನ ಎಲೆಕ್ಟ್ರಾನನ್ನು ದಾನ ಕೊಟ್ಟು ತಣ್ಣಗೆ ಮಾಡುವ ಸಾಧು. ಚಿನ್ನದ ತುದಿ ಕಂಡರೆ ಅಲ್ಲೂ ದಾನ ಮಾಡುತ್ತದೆ. ಕೊಟ್ಟವರು ಯಾರು ಎಂದು ಚಿನ್ನ ಕೇಳುವುದಿಲ್ಲ, ಬಂದ ಎಲೆಕ್ಟ್ರಾನು ಎಣಿಸುತ್ತದೆ. ಪೊರೆ ಇದ್ದಿದ್ದರೆ ಈ ಸಾಧುವನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಪೊರೆಯನ್ನು ನಾವು ಪ್ರೀತಿಯಿಂದ ಕೆರೆದಿದ್ದೆವು. ಜಗಳ ಬಿಡಿಸಲು ಬಂದವನನ್ನೇ ಪೊಲೀಸರು ಮೊದಲು ಹಿಡಿದ ಹಾಗಾಯಿತು. ಕೆಳಹಟ್ಟಿಯಲ್ಲಿ ಹಣ್ಣಿಲ್ಲದ್ದರಿಂದ ಶಾಸ್ತ್ರ ಅಷ್ಟು ಕಾಲ ನಡೆದಿತ್ತು. ಮೇಲ್ಹಟ್ಟಿಯಲ್ಲಿ ಶಾಸ್ತ್ರವಿಲ್ಲದ್ದರಿಂದ ಹಣ್ಣು ನಡೆದಿತ್ತು. ಎರಡಕ್ಕೂ ನೆಂಟಸ್ತಿಕೆ ಮಾಡಿಸಿದವರು ನಾವು.

ಎರಡೂ ಹಟ್ಟಿಯವರನ್ನು ಸೇರಿಸಿ, ಕೊಳಗದಲ್ಲಿ ಮುಳ್ಳು ಮುಳುಗಿಸಿ, ಎತ್ತಿ, ತೋರಿಸಿದೆ. ಒಪ್ಪಿದರು. ಎಲ್ಲರೂ ಹೊಸ ಪೊರೆ ಹಾಕಿಸಿಕೊಂಡರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡ ನಾನು ಮೂರ್ಖ. ಸತ್ತವರು ತಪ್ಪಿನಿಂದ ಸತ್ತರು ಎಂದರೆ ಇನ್ನೂ ಉರಿಯುತ್ತದೆ, ತಪ್ಪಿಗೆ ಹೆಣ ಕೊಟ್ಟವರಿಗೆ ಸಮಾಧಾನ ಎಲ್ಲಿಯದು. ಕೊನೆಗೆ ಹಿರಿಯರು ಹಳೆಯ ಕಟ್ಟಳೆಯನ್ನು ಹಿಡಿದರು. ಗೋರಿಯ ಮಣ್ಣು ಒಣಗುವ ತನಕ ಕಾದಾಟವಿಲ್ಲ. ಒಣಗುವ ಮುಂಚೆ ಮದುಮಗಳು ಹಸಿರು ಮುಂಗೈ ಎತ್ತಿ ಹಿಡಿದು, ಗಣಿಬಾಯಿ ದಾಟಿ, ಅತ್ತೆಯ ಹತ್ತಿರ ನಡೆದು ಹೋಗಬೇಕು. ಹೋದರೆ ಸಂಬಂಧ ಉಳಿಯಿತು, ಹಟ್ಟಿಗಳು ಉಳಿದವು. ಬಾರದಿದ್ದರೆ, ಅಥವಾ ಕೆಂಪಾಗಿ ಬಂದರೆ, ಮುಂಗೈ ಕಾನೂನು.

ಅಷ್ಟರಲ್ಲಿ ದ್ಯಾಮವ್ವನ ತೊಡೆ ಕೀವು ತುಂಬಿ ಕುಂಬಳಕಾಯಿಯಾಗಿತ್ತು. ಅವಳ ದೀಪ ಕೆಂಪಾಗಿ ಉರಿಯುತ್ತಿತ್ತು. ಈ ಸಲ ನೆಲ್ಲಿಯಿಲ್ಲ, ಪೊರೆ ಹೊಸದು, ಮುಳ್ಳು ಅಪ್ಪಟ ಸತ್ಯವನ್ನೇ ಹೇಳುತ್ತಿತ್ತು. ಗಾಯಕ್ಕೆ ನುಗ್ಗಿದ ಕ್ರಿಮಿಗಳನ್ನು ಕೊಲ್ಲಲು ರಕ್ತದ ಬಿಳಿಕಣಗಳು ಬಳಸುವ ಆಯುಧ ಪುಂಡವಾಯುವೇ. ಹೀರಿ ಹೀರಿ ಕ್ರಿಮಿಯ ಮೈಮೇಲೆ ಉಗುಳುತ್ತವೆ. ಅವಳ ಮೈಯೊಳಗೆ ಒಂದು ಯುದ್ಧ ನಡೆದಿತ್ತು, ಅವಳು ಅದರಲ್ಲಿ ಗೆಲ್ಲುವುದಿತ್ತು. ವೈದ್ಯೆ ಖಾಜಾಬಿ ಗಾಯ ಹಿಂಡುತ್ತ ನನಗೆ ಹೇಳಿದಳು. "ಯಂಕೋಬಣ್ಣ, ದೀಪ ಹಸ್ರ ಮಾಡೋ ಔಷಧ ನನ್ನ ಕಡೆ ಐತಿ. ಕೊಟ್ರ ಬಿಳಿಕಣ ಮಲಗ್ತಾವ. ಅವು ಮಲಗಿದ್ರ ಈಕಿನೂ ಮಲಗ್ತಾಳ, ಏಳಂಗಿಲ್ಲ."

ಹಸಿರಾದರೆ ಕೀವು ಕೊಲ್ಲುತ್ತದೆ, ಕೆಂಪಿದ್ದರೆ ಊರು ಕೊಲ್ಲುತ್ತದೆ. ಹಿರಿಯರ ಹತ್ತಿರ ಹೋಗಿ ಇದು ಸಿಟ್ಟಲ್ಲ, ಗಾಯದ ಉರಿ ಎಂದೆ. ಪರಸಪ್ಪನೇ ಉತ್ತರ ಕೊಟ್ಟ. "ಪೊರಿ ಹಾಕಿದ ಮ್ಯಾಲೆ ಮುಳ್ಳು ಸುಳ್ಳು ಹೇಳಂಗಿಲ್ಲ ಅಂತ ಕೊಳಗ ಇಟ್ಟು ತೋರಿಸಿದಾಂವ ನೀನ ಅಲ್ಲೇನೋ ತಮ್ಮಾ." ಅವನೇನು ಕೆಟ್ಟವನಲ್ಲ. ದ್ಯಾಮವ್ವ ಚಿಕ್ಕವಳಿದ್ದಾಗ ಮೂರೂ ಮಟ್ಟದ ಏಣಿಗಳನ್ನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹತ್ತುತ್ತಿದ್ದ. ಕಾನೂನು ಇಲ್ಲದಿದ್ದರೆ ಮನುಷ್ಯರು ಹಾಳಾಗುತ್ತಾರೆ ಎಂದು ಮನಸಾರೆ ನಂಬಿದ್ದ.

ಎರಡೂ ಕಡೆಯ ಕೆಲವರು ಕದ್ದು ಗೋರಿಗಳಿಗೆ ನೀರು ಚಿಮುಕಿಸುತ್ತಿದ್ದರು. ಮಣ್ಣು ಒಣಗದಿರಲಿ, ಹುಡುಗಿಗೆ ಒಂದೆರಡು ದಿನ ಹೆಚ್ಚು ಸಿಗಲಿ ಎಂದು. ದವಡೆ ಕಟ್ಟಿಸಿಕೊಂಡ ಹುಸೇನಪ್ಪ ತನ್ನ ಪಾಲಿನ ಕುಡಿಯುವ ನೀರನ್ನೇ ತಂದೆಯ ಗೋರಿಗೆ ಸುರಿಯುವಾಗ ಸಿಕ್ಕಿಬಿದ್ದ. ಅವನ ಕಡೆಯವರೇ ಅವನಿಗೆ ಕಲ್ಲು ಹೊಡೆದರು. ಗೋರಿಗಳಿಗೆ ಕಾವಲು ಬಿತ್ತು. ನಮ್ಮ ಬಿಸಿಲಿಗೆ ಮಣ್ಣು ಒಣಗಲು ಎಷ್ಟು ಹೊತ್ತು.

ಖಾಜಾಬಿ ಔಷಧದ ಬಟ್ಟಲು ಹಿಡಿದು ಕೇಳಿದಾಗ ದ್ಯಾಮವ್ವ ಮುಖ ತಿರುಗಿಸಿದಳು. "ಬ್ಯಾಡ. ಕೆಂಪು ಇದ್ದಂಗ ಹೋಗ್ತೀನಿ. ಸಾಯೋದಾದ್ರ ಯಾರರ ಕೈಲೆ ಸಾಯ್ತೀನಿ, ಕೀವಿನ ಕೈಲೆ ಯಾಕ." ನಾನು ಏನೋ ನಗೆಚಾಟಿಕೆ ಹೇಳಲು ಬಾಯಿ ತೆರೆದೆ. "ಅಪ್ಪಾ, ಇವತ್ತೊಂದಿನ ಸುಮ್ನಿರು," ಅಂದಳು. ಬಂಡೆ ಕೊರೆಯುವ ಕಬ್ಬಿಣದ ಕೋಲೊಂದನ್ನು ಊರುಗೋಲು ಮಾಡಿ ಕೊಟ್ಟೆ. ಗಣಿಬಾಯಿಯ ತನಕ ಅವಳ ಬಗಲಿಗೆ ತೋಳು ಕೊಟ್ಟು ನಡೆದೆ. ಅಲ್ಲಿ ಅವಳು ನನ್ನ ತೋಳು ಬಿಡಿಸಿಕೊಂಡು, ಕೋಲನ್ನೂ ನನ್ನ ಕೈಗೇ ಕೊಟ್ಟಳು. ಆಯುಧ ಹಿಡಿದು ಬಂದಳು ಎನ್ನಿಸಿಕೊಳ್ಳುವುದು ಬೇಡವೆಂದು. ಸೀಳಿದ ತೊಡೆಯ ಮೇಲೆ ಒಬ್ಬಳೇ ಕುಂಟುತ್ತ, ಕೆಂಪು ಮುಂಗೈ ಎತ್ತಿ ಹಿಡಿದು ಹೋದಳು. ಎರಡೂ ಕಡೆ ಕೊಡಲಿ, ಹಾರೆ, ಗುದ್ದಲಿ. ಅವಳ ಕಾಲಿನಿಂದ ಕೀವು ರಕ್ತ ಎರಡೂ ಸೋರಿ ಹೆಜ್ಜೆ ಹೆಜ್ಜೆಗೂ ಗುರುತು ಬೀಳುತ್ತಿತ್ತು.

ಲಚಮವ್ವ ಎದುರು ಬಂದು ನಿಂತಳು. ಗಂಡನನ್ನು ಮಣ್ಣು ಮಾಡಿದವಳು, ಕೈಯಲ್ಲಿ ಕುಡುಗೋಲು. ಎಲ್ಲರಿಗಿಂತ ಮೊದಲ ಹೊಡೆತ ಅವಳದು. ಅವಳು ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿ, "ನಿನಗ ಸಿಟ್ಟೈತೇನ," ಎಂದು ಕೇಳಿದಳು.

ನನ್ನ ಮಗಳು ಇಲ್ಲ ಅನ್ನಬಹುದಿತ್ತು. ಗಾಯದ ಉರಿ ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. ಅವಳು ಅಂದದ್ದು, "ಐತಿ ಅತ್ತಿ. ಭಾಳ ಐತಿ. ನಮ್ಮವರನ್ನ ಕಾದ ಹಂಚಿಲೆ ಸುಟ್ರಿ. ಆದ್ರ ನಾ ಹೊಡ್ಯಾಕ ಬಂದಿಲ್ಲ."

ಲಚಮವ್ವ ತನ್ನ ಮುಂಗೈ ತಿರುಗಿಸಿ ತೋರಿಸಿದಳು. ಅದೂ ಕೆಂಪಾಗಿತ್ತು. ಅವಳಿಗೆ ಯಾವ ಗಾಯವೂ ಇರಲಿಲ್ಲ. "ನನಗೂ ಐತಿ," ಅಂದಳು. ಇಬ್ಬರು ಕೆಂಪು ಹೆಂಗಸರು, ಕೈಗೆಟಕುವ ದೂರ, ಇಬ್ಬರಿಗೂ ಕೊಲ್ಲುವ ಹಕ್ಕು. ಇಬ್ಬರೂ ನಿಂತೇ ಇದ್ದರು.

ಪರಸಪ್ಪ ನನ್ನ ಪಕ್ಕದಿಂದ ಹೊರಟ. ತಮ್ಮನ ಮಗಳ ಎದುರು ಕುಡುಗೋಲು ಹಿಡಿದ ಕೆಂಪು ಮುಂಗೈ ಇದೆ, ಹೊಡೆಯುವುದು ದೊಡ್ಡಪ್ಪನ ಕರ್ತವ್ಯ. ಅವಸರವಿಲ್ಲ, ಬೈಗುಳವಿಲ್ಲ, ಪೂಜೆಗೆ ಹೋಗುವವನ ಹಾಗೆ ನಡೆದು ಹೋಗಿ ಲಚಮವ್ವನ ಬೆನ್ನಿಗೆ ನಿಂತು ಹಾರೆ ಎತ್ತಿದ. ಆ ಹಾರೆ ಇಳಿದರೆ ಮುಂದಿನದು ನನ್ನ ಮಗಳ ಮೇಲೆ ಇಳಿಯುತ್ತದೆ, ಅದರ ಮುಂದಿನದು ಎಲ್ಲರ ಮೇಲೆ. ನನ್ನ ಕೈಯಲ್ಲಿ ಕಬ್ಬಿಣದ ಕೋಲಿತ್ತು. ಮಂಡಿನೋವು ನೆನಪಾಗಲಿಲ್ಲ. ಓಡಿ ಹೋಗಿ ಅಣ್ಣನ ಹಿಂದಲೆಗೆ ಹೊಡೆದೆ. ಒಣಗಿದ ಸೋರೆಬುರುಡೆ ಒಡೆದ ಹಾಗಾಯಿತು. ಅವನು ಮಂಡಿಯೂರಿ ಕೂತು, ನನ್ನ ಕಡೆ ತಿರುಗಿ, ನನ್ನ ಮುಂಗೈ ನೋಡಿದ. "ಯಂಕಾ, ನಿನ್ನ ದೀಪ ಹಸ್ರ ಐತಲ್ಲೋ," ಅಂದ. ಬೇಸರಕ್ಕಿಂತ ಅನುಮಾನವೇ ಹೆಚ್ಚಿದ್ದ ಧ್ವನಿ, ಪಾಠ ಅರ್ಥವಾಗದ ವಿದ್ಯಾರ್ಥಿಯದು. ಆಮೇಲೆ ಬಾಯಲ್ಲಿ ರಕ್ತ ಬಂದು ಮುಂದಕ್ಕೆ ಬಿದ್ದ.

ಹಸಿರೇ ಇತ್ತು. ಪುಂಡವಾಯು ಚರ್ಮದ ನೀರಿಗೆ ಜಿನುಗಿ ಮುಳ್ಳು ಮುಟ್ಟಲು ಹೊತ್ತು ಬೇಕು. ಮನುಷ್ಯನ ಕೈ ಅದಕ್ಕಿಂತ ಬೇಗ. ಅಣ್ಣನ ದೀಪವೂ ಹಸಿರಿತ್ತು. ಅವನಿಗೆ ಸಿಟ್ಟಿರಲಿಲ್ಲ, ಕಾನೂನಿತ್ತು. ಅಷ್ಟು ಜನರ ನಡುವೆ ಆ ಹೊತ್ತು ಕೊಲ್ಲಲು ಕೈಯೆತ್ತಿದವರು ಇಬ್ಬರೇ, ಆ ಇಬ್ಬರದೇ ಹಸಿರು. ಕೆಂಪಿದ್ದ ಇಬ್ಬರು ಕದಲಿರಲಿಲ್ಲ. ಎಲ್ಲರೂ ಇದನ್ನು ನೋಡಿದರು. ಲಚಮವ್ವ ಕುಡುಗೋಲು ಕೆಳಗೆ ಹಾಕಿ, "ಕುಂದರು, ಕಾಲು ಸೋರಾಕ ಹತ್ತೈತಿ," ಎಂದು ದ್ಯಾಮವ್ವನನ್ನು ಅಲ್ಲೇ ನೆಲಕ್ಕೆ ಕೂರಿಸಿ, ತನ್ನ ಸೆರಗು ಹರಿದು ತೊಡೆಗೆ ಕಟ್ಟಿದಳು. ಜನ ಒಬ್ಬೊಬ್ಬರಾಗಿ ಹಾರೆ ಕೊಡಲಿ ಹೊತ್ತುಕೊಂಡು ಮನೆಗೆ ಹೋದರು.

ನನಗೇನು ಮಾಡಬೇಕೆಂದು ಎರಡೂ ಹಟ್ಟಿಯವರಿಗೆ ತಿಳಿಯಲಿಲ್ಲ. ಹಸಿರಿನಲ್ಲಿ ಕೊಂದವನ ಮಾತೇ ಕಾನೂನಿನಲ್ಲಿಲ್ಲ. ಕಡೆಗೆ, ಮುಳ್ಳಿಗೇ ಮೋಸ ಮಾಡಿದವನಿಗೆ ಮುಳ್ಳು ಬೇಡ ಎಂದು ತೀರ್ಪಾಯಿತು. ಮುಂಜಾನೆ ಕಿತ್ತರು. ಮುಳ್ಳಿಲ್ಲದವನನ್ನು ಯಾರು ಯಾವಾಗ ಬೇಕಾದರೂ ಹೊಡೆಯಬಹುದು, ಕೇಳುವವರಿಲ್ಲ. ಹೊತ್ತು ಏರುವ ಮುಂಚೆ ನಾನು ಗಣಿಬಾಯಿ ದಾಟಿ ಬಯಲಿಗೆ ಹೋಗಬೇಕು. ಅಣ್ಣನ ಮಣ್ಣಿಗೆ ಹೋಗಲು ಬಿಡಲಿಲ್ಲ. ಅದು ನ್ಯಾಯವೇ.

ಹಿರಿಯರೇ, ಸೂಜಿ ಎಸೆಯಿರಿ ಎಂದು ನಾನು ಕೇಳುವುದಿಲ್ಲ. ಅದಿಲ್ಲದಿದ್ದರೆ ಖಾಜಾಬಿಗೆ ಮಗಳ ತೊಡೆಯೊಳಗಿನ ಯುದ್ಧ ಯಾವ ಕಡೆಗೆ ವಾಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಇಲಿಯ ಮಿದುಳಿನಲ್ಲಿ, ಮೀನಿನ ಮೈಯಲ್ಲಿ, ರೋಗಿಯ ಮಂಚದ ಹತ್ತಿರ ಅದು ಬೆಳೆಯಲಿ. ಪೊರೆಯನ್ನು ಗಟ್ಟಿ ಮಾಡಿ. ಏನೇನು ಪೆರಾಕ್ಸೈಡಿನಂತೆಯೇ ವೇಷ ಹಾಕಿ ಬರುತ್ತದೆ ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ನೆಲ್ಲಿಕಾಯಿಯಿಂದಲೇ ಶುರುಮಾಡಿ. ಸೂಜಿಯ ಮಾತು ವೈದ್ಯರ ಕಿವಿಗೆ ಹೋಗಲಿ. ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ದೀಪ ಮಾತ್ರ ಹಚ್ಚಬೇಡಿ. ಮೈಯೊಳಗೆ ಏನು ಉರಿಯುತ್ತಿದೆ ಎಂಬುದನ್ನು ನಿಮ್ಮ ಸೂಜಿ ಹೇಳಬಲ್ಲದು. ಆ ಉರಿಯನ್ನು ಹೊತ್ತುಕೊಂಡು ಒಬ್ಬಳು ಏನು ಮಾಡುತ್ತಾಳೆ ಎಂಬುದನ್ನು ಅವಳನ್ನೇ ಕೇಳಬೇಕು, ಕೇಳಿ ಉತ್ತರ ಬರುವ ತನಕ ಕಾಯಬೇಕು.

ಈಗಷ್ಟೇ ಖಾಜಾಬಿ ಬಂದು ಹೋದಳು. ದ್ಯಾಮವ್ವ ಮೇಲ್ಹಟ್ಟಿಯಲ್ಲಿ ಅತ್ತೆಯ ಮನೆಯಲ್ಲಿ ಮಲಗಿದ್ದಾಳೆ. ಕೀವು ತಿಳಿಯಾಗಿದೆ, ಕಾಲು ಉಳಿಯುತ್ತದೆ, ಜೀವಕ್ಕೆ ಭಯವಿಲ್ಲವಂತೆ. ನಿನ್ನೆ ರಾತ್ರಿ ಅಂಬಲಿಗೆ ಉಪ್ಪು ಸಾಲದು ಎಂದಳಂತೆ. ನಿಮ್ಮ ಅಣಬೆ ನಾಲಿಗೆಗೆ ಉಪ್ಪೇನು ಗೊತ್ತು ಎಂದು ಲಚಮವ್ವ ಅಂದಳಂತೆ. ಮಾತಿಗೆ ಮಾತು ಬೆಳೆದು ಎರಡೂ ಹಟ್ಟಿಯ ಸತ್ತವರ ಹೆಸರೆಲ್ಲ ಬಂದುಹೋಯಿತಂತೆ, ಇಬ್ಬರ ಮುಂಗೈಯೂ ಕೆಂಪಂತೆ. ಬಾಗಿಲಲ್ಲಿ ನೋಡುತ್ತ ನಿಂತಿದ್ದವರಲ್ಲಿ ಒಬ್ಬರೂ ಕೋಲು ಎತ್ತಲಿಲ್ಲವಂತೆ. ಜಗಳ ಮುಗಿದ ಮೇಲೆ ಅತ್ತೆ ಹೋಗಿ ಉಪ್ಪು ತಂದಳಂತೆ.

ಹೊರಡುತ್ತೇನೆ.

ಯಂಕೋಬ